ಕೆಟ್ಟ ಮೀಟರನ್ನೂ ಪಾಠಕ್ಕೆ ತನ್ನಿ

ಬಾಯ್ಲರ್ ಡ್ರಮ್ಮಿನಲ್ಲಿ ನೀರು ಕಡಿಮೆಯಾಗುತ್ತಿರುವಾಗಲೇ ಮಟ್ಟ ತೋರಿಸುವ ಮುಳ್ಳು ಮೇಲೇರುವ ಒಂದು ಹೊತ್ತು ಇದೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಪಾಳಿ ಮಾಡಿದವರೆಲ್ಲ ಅದನ್ನು ಕಂಡವರೇ. ಕಬ್ಬು ನುರಿಸುವ ಮಿಲ್ಲಿನ ಕಡೆ ಒಮ್ಮೆಲೇ ಹೆಚ್ಚು ಉಗಿ ಬೇಕಾದಾಗ ಡ್ರಮ್ಮಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ನೀರು ಇನ್ನಷ್ಟು ಬಿರುಸಾಗಿ ಕುದಿಯುತ್ತದೆ, ಒಳಗಿನ ಗುಳ್ಳೆಗಳು ಉಬ್ಬಿ ನೀರಿನ ಮೇಲ್ಮೈಯನ್ನು ಎತ್ತುತ್ತವೆ. ಉಗಿಯಾಗಿ ನೀರು ಹೊರಹೋಗುತ್ತಿದೆ, ಮುಳ್ಳು ಮಾತ್ರ 'ನೀರು ಜಾಸ್ತಿಯಾಯಿತು' ಎನ್ನುತ್ತಿದೆ. ಆ ಮುಳ್ಳನ್ನೊಂದೇ ನಂಬಿದ ಕಂಟ್ರೋಲರ್ ಒಳಬರುವ ನೀರನ್ನು ಕಡಿಮೆ ಮಾಡಿಬಿಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗುಳ್ಳೆಗಳ ಉಬ್ಬರ ಇಳಿದಾಗ ನಿಜವಾದ ಮಟ್ಟ ಬಯಲಾಗುತ್ತದೆ. ಅಷ್ಟರಲ್ಲಿ ಕೊಳವೆಗಳು ನೀರಿಲ್ಲದೆ ಕಾಯತೊಡಗಿದ್ದರೆ ಮುಂದಿನದು ಅಪಘಾತ.

ಇದಕ್ಕೆ ಪರಿಹಾರ ಬಹುಕಾಲದಿಂದ ಇದೆ. ನೀರಿನ ಮಟ್ಟವನ್ನೊಂದೇ ನೋಡದೆ, ಹೊರಹೋಗುವ ಉಗಿ ಎಷ್ಟು, ಒಳಬರುವ ನೀರು ಎಷ್ಟು ಎಂಬುದನ್ನೂ ಅಳೆದು ಮೂರನ್ನೂ ಕೂಡಿಸಿ ವಾಲ್ವ್ ತಿರುಗಿಸುವುದು. ಪರೀಕ್ಷೆಯಲ್ಲಿ ಕೇಳಿದರೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದರ ಚಿತ್ರ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಆದರೆ ಮುಳ್ಳು ಮೇಲೇರುವುದನ್ನು ಕಂಡೂ ನೀರು ಬಿಡುವ ಧೈರ್ಯ ಚಿತ್ರ ಬರೆದ ಮಾತ್ರಕ್ಕೆ ಬರುವುದಿಲ್ಲ. ಒಂದೆರಡು ಸಲ ತಾನೇ ಎಡವಿ, ನೀರು ಪಾತಾಳಕ್ಕಿಳಿದದ್ದನ್ನು ಕಣ್ಣಾರೆ ಕಂಡವನಿಗೆ ಬರುತ್ತದೆ.

ಹಾಗಾದರೆ ಎಡವುವುದು ಎಲ್ಲಿ? ಬೀದರ್ ತಾಲ್ಲೂಕಿನ ನಾರಂಜಾ ಸಹಕಾರ ಸಕ್ಕರೆ ಕಾರ್ಖಾನೆಯಲ್ಲೋ, ಭಾಲ್ಕಿ ತಾಲ್ಲೂಕು ಹುಣಜಿಯ ಮಹಾತ್ಮ ಗಾಂಧಿ ಕಾರ್ಖಾನೆಯಲ್ಲೋ ಮೂರನೇ ವರ್ಷದ ವಿದ್ಯಾರ್ಥಿಯ ಕೈಗೆ ಬಾಯ್ಲರ್ ಕೊಡಲು ಯಾರೂ ಒಪ್ಪುವುದಿಲ್ಲ, ಒಪ್ಪಲೂ ಕೂಡದು. ಮೇಲಾಗಿ ಈ ಕಾರ್ಖಾನೆಗಳು ವರ್ಷಪೂರ್ತಿ ನಡೆಯುವಂಥವಲ್ಲ. ಕಬ್ಬು ಬರುವ ಚಳಿಗಾಲದ ಹಂಗಾಮಿನಲ್ಲಿ ಹಗಲಿರುಳು ಓಡುತ್ತವೆ. ಆಗ ಅಲ್ಲಿನ ಎಂಜಿನಿಯರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಕಾಲೇಜಿನವರು ಬಸ್ಸು ಮಾಡಿಕೊಂಡು ಹೋಗಲು ಬಿಡುವಾದಾಗ ಕಾರ್ಖಾನೆ ನಿಂತಿರುತ್ತದೆ. ತಣ್ಣಗಿರುವ ಬಾಯ್ಲರನ್ನು ಸುತ್ತಿ, ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು, ವರದಿ ಬರೆದು ಮುಗಿಸುವುದಕ್ಕೇ ಕೈಗಾರಿಕಾ ಭೇಟಿ ಎಂಬ ಹೆಸರಾಗಿದೆ. ನಿಂತ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಬಹುದು, ನಿಯಂತ್ರಣವನ್ನು ನೋಡಲಾಗದು. ನಿಯಂತ್ರಣವೆಂಬುದು ಹೊತ್ತು ಸರಿದಂತೆ ಬದಲಾಗುವ ಸಂಗತಿ.

ಆದ್ದರಿಂದಲೇ ಆನ್‌ಲೈನ್ ಸಿಮ್ಯುಲೇಶನ್, ಅಂದರೆ ಕಾರ್ಖಾನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಕಲಿಯುವ ಕ್ರಮ, ನಮ್ಮ ಗಡಿ ಜಿಲ್ಲೆ ಬೀದರಿಗೆ ಬೆಂಗಳೂರಿಗಿಂತಲೂ ಹೆಚ್ಚು ಅಗತ್ಯ ಎಂದು ನಾನು ವಾದಿಸುತ್ತೇನೆ. ಆದರೆ ಈಗ ಬಹಳ ಕಡೆ ನಡೆಯುತ್ತಿರುವ ಬಗೆಯಲ್ಲಿ ಅಲ್ಲ. ಈಗಿನ ಬಗೆಯಲ್ಲಿ ಅದು ವಿದ್ಯಾರ್ಥಿಗೆ ಅಪಾಯಕಾರಿಯಾದ ಒಂದು ಪಾಠವನ್ನೇ ಕಲಿಸುತ್ತದೆ. ಪರದೆಯ ಮೇಲೆ ಕಂಡದ್ದೇ ನಿಜ ಎಂಬ ಪಾಠ.

ಈಗಿನ ಬಗೆ ಹೇಗಿದೆ ನೋಡಿ. ಲ್ಯಾಬಿನಲ್ಲಿ ಕಂಪ್ಯೂಟರ್ ತೆರೆಯುತ್ತದೆ. ಕೈಪಿಡಿಯಲ್ಲಿ ಕೊಟ್ಟ ಸಂಖ್ಯೆಗಳನ್ನು ತುಂಬಿ ಗುಂಡಿ ಒತ್ತಿದರೆ ನಯವಾದ ಗೆರೆಯೊಂದು ಏರಿ, ತುಸು ತೊನೆದು, ಬೇಕಾದ ಮಟ್ಟದಲ್ಲಿ ನಿಲ್ಲುತ್ತದೆ. ಎಲ್ಲರದೂ ಅದೇ ಸಂಖ್ಯೆ, ಎಲ್ಲರದೂ ಅದೇ ಗೆರೆ. ಒಬ್ಬರ ಚಿತ್ರ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ, ಉಳಿದವರು ಪ್ರಿಂಟ್ ತೆಗೆದು ರೆಕಾರ್ಡ್ ಪುಸ್ತಕಕ್ಕೆ ಅಂಟಿಸುತ್ತಾರೆ. ವೈವಾದಲ್ಲಿ ಪಿಐಡಿ (ಪ್ರೊಪೋರ್ಷನಲ್-ಇಂಟಿಗ್ರಲ್-ಡೆರಿವೇಟಿವ್) ಕಂಟ್ರೋಲರ್ ಎಂದರೇನು ಎಂದು ಕೇಳಿದರೆ ಮೂರು ಅಕ್ಷರಗಳ ವಿಸ್ತರಣೆ ಬರುತ್ತದೆ. ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಅಂಕ ಗೆರೆಗೆ ಸಿಗುವುದಾದರೆ ಅವರು ಗೆರೆಯನ್ನೇ ತರುತ್ತಾರೆ.

ಒಳ್ಳೆಯ ಸಾಧನಗಳೇ ಇಲ್ಲವೆಂದರೆ ಈ ಕೊರತೆಗೆ ಒಂದು ಸಮಾಧಾನವಾದರೂ ಇರುತ್ತಿತ್ತು. ನಮ್ಮ ದೇಶದಲ್ಲಿ ಅವು ಇವೆ, ಪುಕ್ಕಟೆಯಾಗಿ ಸಿಗುತ್ತವೆ. ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆ ಐಐಟಿ ದೆಹಲಿಯ ನೇತೃತ್ವದಲ್ಲಿ ಆರಂಭವಾಗಿ ಬಹಳ ವರ್ಷಗಳಾದವು. ನಮ್ಮ ಸುರತ್ಕಲ್ಲಿನ ಎನ್‌ಐಟಿಕೆ ಕೂಡ ಅದರ ಪಾಲುದಾರ. ಆದರೆ ನನಗೆ ಇದಕ್ಕಿಂತ ಮಹತ್ವದ್ದಾಗಿ ಕಾಣುವುದು ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಮತ್ತು ಅವರ ತಂಡ ರೂಪಿಸಿದ ಒಂದು ಪುಟ್ಟ ಸಲಕರಣೆ. ಸಿಂಗಲ್ ಬೋರ್ಡ್ ಹೀಟರ್ ಸಿಸ್ಟಮ್ ಎಂದು ಅದರ ಹೆಸರು. ಒಂದು ಸಣ್ಣ ಲೋಹದ ಪಟ್ಟಿ, ಅದನ್ನು ಕಾಯಿಸುವ ನಿಕ್ರೋಮ್ ಸುರುಳಿ, ಪಟ್ಟಿಯ ಶಾಖ ಅಳೆಯುವ ಸೆನ್ಸರ್, ತಣಿಸಲು ಕಂಪ್ಯೂಟರಿನಲ್ಲಿರುವಂಥ ಒಂದು ಫ್ಯಾನು, ಎಲ್ಲವನ್ನೂ ನಡೆಸುವ ಮೈಕ್ರೊಕಂಟ್ರೋಲರ್. ಮೇಜಿನ ಮೂಲೆಯಲ್ಲಿ ಹಿಡಿಸುವಷ್ಟು ಚಿಕ್ಕದು.

ಈ ಸಲಕರಣೆಗಳನ್ನು ಸಾಲಾಗಿ ಜೋಡಿಸಿ ಇಂಟರ್ನೆಟ್ಟಿಗೆ ಕೊಟ್ಟರು. ದೂರದ ಊರಿನ ವಿದ್ಯಾರ್ಥಿ ಮೊದಲೇ ಸಮಯ ಕಾಯ್ದಿರಿಸಿ, ತನ್ನ ಕಂಪ್ಯೂಟರಿನಲ್ಲಿ ಸೈಲ್ಯಾಬ್ ಎಂಬ ಮುಕ್ತ ತಂತ್ರಾಂಶದಲ್ಲಿ ಬರೆದ ಕಂಟ್ರೋಲರನ್ನು ಮುಂಬೈಯಲ್ಲಿರುವ ನಿಜವಾದ ಹೀಟರಿನ ಮೇಲೆ ಓಡಿಸುವಂತಾಯಿತು. ಅಲ್ಲಿ ಬರುವ ಗೆರೆ ನಯವಾಗಿರುವುದಿಲ್ಲ. ಹೀಟರಿಗೆ ವಿದ್ಯುತ್ ಕೊಟ್ಟ ಕೂಡಲೇ ಶಾಖ ಏರುವುದಿಲ್ಲ, ತುಸು ತಡೆದು ಏರುತ್ತದೆ. ಗೆರೆಯ ತುಂಬ ಸಣ್ಣ ಸಣ್ಣ ನಡುಕ. ಕೋಣೆಯ ಗಾಳಿ ಬದಲಾದರೆ ಗೆರೆಯೂ ಬದಲು. ಬೆಳಿಗ್ಗೆ ಹೊಂದಿಸಿದ ಕಂಟ್ರೋಲರ್ ಸಂಜೆಗೆ ಸರಿಹೋಗದಿರಬಹುದು. ಪುಸ್ತಕದ ಸಮೀಕರಣಕ್ಕೂ ಕಾಯುವ ಲೋಹಕ್ಕೂ ನಡುವಿನ ಅಂತರವನ್ನು ನೋಡಲು ಐಷಾರಾಮಿ ಲ್ಯಾಬ್ ಬೇಕಿಲ್ಲ ಎಂಬುದನ್ನು ಈ ಪಟ್ಟಿ ತೋರಿಸಿಕೊಟ್ಟಿತು.

ಈ 'ತುಸು ತಡೆ'ಯೇ ಪ್ರೊಸೆಸ್ ಕಂಟ್ರೋಲಿನ ಜೀವಾಳ. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವ ತಾಯಿ ಹಂಚು ಸೀಯುವ ತನಕ ಕಾಯುವುದಿಲ್ಲ. ಶಾಖ ಏರುತ್ತಿರುವ ವೇಗ ನೋಡಿ ಮೊದಲೇ ಒಂದು ಕೊಳ್ಳಿ ಹೊರಗೆಳೆಯುತ್ತಾಳೆ. ಪಿಐಡಿಯ ಮೂರನೆಯ ಅಕ್ಷರ ಮಾಡುವ ಕೆಲಸ ಅದೇ. 1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ಎಂಬ ಇಬ್ಬರು ಎಂಜಿನಿಯರುಗಳು ಕಂಟ್ರೋಲರ್ ಹೊಂದಿಸುವ ಸೂತ್ರ ಕೊಟ್ಟಾಗಲೂ ಈ ತಡೆಯನ್ನು ಅಳೆಯುವುದಕ್ಕೇ ಮಹತ್ವ ಕೊಟ್ಟರು. ಅವರ ಸೂತ್ರ ಇಂದಿಗೂ ಪಠ್ಯದಲ್ಲಿದೆ. ತಡೆಯನ್ನು ಅನುಭವಿಸದವನಿಗೆ ಅದು ಬರೀ ಕೋಷ್ಟಕ.

ಇನ್ನು ನನ್ನ ಮುಖ್ಯ ಮಾತು. ಸಿಮ್ಯುಲೇಶನ್ನಿನಲ್ಲಿ ಕಲಿಸಬೇಕಾದದ್ದು ಸರಿಯಾಗಿ ನಡೆಯುವ ಕಾರ್ಖಾನೆಯನ್ನಲ್ಲ, ಕೆಟ್ಟು ನಿಲ್ಲುವ ಕಾರ್ಖಾನೆಯನ್ನು. ಸರಿಯಾಗಿ ನಡೆಯುವುದನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು. ಕೆಟ್ಟದ್ದನ್ನು ಅಲ್ಲಿ ಕಲಿಯಲು ಹೋದರೆ ಅದಕ್ಕೆ ಬೆಲೆ ತೆರುವವರು ಜನ.

ಸಕ್ಕರೆ ಕಾರ್ಖಾನೆಯ ಕಬ್ಬಿನ ರಸದ ಶುದ್ಧೀಕರಣವನ್ನೇ ತೆಗೆದುಕೊಳ್ಳಿ. ಹಿಂಡಿದ ರಸ ಸ್ವಭಾವತಃ ಹುಳಿ, ಅದರ ಪಿಎಚ್ ಐದೂವರೆಯ ಆಸುಪಾಸು. ಅದನ್ನು ಕಾಯಿಸಿ, ಸುಣ್ಣದ ಹಾಲು ಬೆರೆಸಿ, ಗಂಧಕದ ಹೊಗೆ ಹಾಯಿಸಿ ಏಳರ ಹತ್ತಿರಕ್ಕೆ ತರಬೇಕು. ಏಳಕ್ಕಿಂತ ಕೆಳಗಿಳಿದರೆ ಬಿಸಿ ರಸದಲ್ಲಿ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿಬಿಡುತ್ತದೆ. ರೈತ ಬೆಳೆದ ಸಕ್ಕರೆ ಹರಳಾಗದೆ ಕಾಕಂಬಿಗೆ ಹೋಗುತ್ತದೆ. ಮೇಲೇರಿದರೆ ರಸ ಕಪ್ಪಾಗಿ ಸಕ್ಕರೆಯ ಬಣ್ಣ ಕೆಡುತ್ತದೆ. ಪಿಎಚ್ ಮಾಪನವೂ ಸರಳರೇಖೆಯಲ್ಲಿ ನಡೆಯುವುದಿಲ್ಲ. ಏಳರಿಂದ ಆರಕ್ಕಿಳಿದರೆ ಹುಳಿ ಹತ್ತು ಪಟ್ಟು. ಏಳರ ಹತ್ತಿರ ಸುಣ್ಣ ಚೂರು ಹೆಚ್ಚಾದರೂ ಮುಳ್ಳು ಜಿಗಿಯುತ್ತದೆ.

ಇದನ್ನು ಕಂಪ್ಯೂಟರಿನಲ್ಲಿ ಮೂಡಿಸುವುದು ಕಷ್ಟವಲ್ಲ. ಈಗ ವಿದ್ಯಾರ್ಥಿಗೆ ಹೇಳದೆ ಒಂದು ಕೇಡು ತುರುಕಿ. ಸುಣ್ಣದ ಕೊಳವೆ ಕಟ್ಟಿಕೊಂಡಿದೆ ಎನ್ನಿ, ನಿಜದ ಕಾರ್ಖಾನೆಯಲ್ಲಿ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಪಿಎಚ್ ಇಳಿಯುತ್ತಿದೆ, ಕಂಟ್ರೋಲರ್ ವಾಲ್ವನ್ನು ತೆರೆಯುತ್ತಿದೆ, ಪೂರ್ತಿ ತೆರೆದರೂ ಸುಣ್ಣ ಬರುತ್ತಿಲ್ಲ. ಕಂಟ್ರೋಲರಿನೊಳಗೆ ಬಾಕಿಯ ಲೆಕ್ಕ ಮಾತ್ರ ಕ್ಷಣಕ್ಷಣಕ್ಕೂ ಬೆಳೆಯುತ್ತಿದೆ. ಅಷ್ಟರಲ್ಲಿ ಯಾರೋ ಕೊಳವೆಗೆ ಸುತ್ತಿಗೆಯಿಂದ ತಟ್ಟಿ ಕಟ್ಟು ಬಿಡಿಸುತ್ತಾರೆ. ಸುಣ್ಣ ದಬದಬನೆ ಸುರಿಯುತ್ತದೆ. ಪಿಎಚ್ ಏಳು ದಾಟಿ, ಎಂಟು ದಾಟಿದರೂ ವಾಲ್ವ್ ಮುಚ್ಚುವುದಿಲ್ಲ, ಹಳೆಯ ಬಾಕಿ ತೀರುವವರೆಗೂ ಅದು ತೆರೆದೇ ಇರುತ್ತದೆ. ಈ ಸಂಕಟವನ್ನು ಒಮ್ಮೆ ಪರದೆಯ ಮುಂದೆ ಅನುಭವಿಸಿದ ಹುಡುಗಿಗೆ, ವಾಲ್ವ್ ಕೊನೆ ಮುಟ್ಟಿದಾಗ ಬಾಕಿಯ ಲೆಕ್ಕ ನಿಲ್ಲಿಸಬೇಕೆಂದು ಯಾರೂ ಕಂಠಪಾಠ ಮಾಡಿಸಬೇಕಿಲ್ಲ.

ಮುಂದಿನ ವಾರ ಇನ್ನೊಂದು ಕೇಡು. ಪಿಎಚ್ ಅಳೆಯುವ ಎಲೆಕ್ಟ್ರೋಡಿನ ಮೇಲೆ ಕಿಟ್ಟ ಕಟ್ಟಿದೆ. ಅದು ತೋರಿಸುತ್ತಿರುವುದು ಈಗಿನ ರಸವನ್ನಲ್ಲ, ಹಿಂದೆ ಹಾದುಹೋದ ರಸವನ್ನು. ಮುಳ್ಳು ಏಳರಲ್ಲಿ ಶಾಂತವಾಗಿದೆ. ಇಷ್ಟು ಶಾಂತವಾಗಿರುವುದೇ ಅನುಮಾನಕ್ಕೆ ಕಾರಣವಾಗಬೇಕು, ಗಾಜಿನ ಲೋಟದಲ್ಲಿ ರಸ ಹಿಡಿದು ಕೈಯಾರೆ ಪರೀಕ್ಷಿಸಬೇಕು ಎಂಬ ಬುದ್ಧಿ ಕಾಲೇಜಿನಲ್ಲೇ ಬರಬೇಕು.

ಇದು ಅತಿ ಎಚ್ಚರಿಕೆಯಲ್ಲ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಹೊರನುಗ್ಗಿ 12 ಜನ ಸತ್ತರು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಕಂಡುಕೊಂಡ ಕಾರಣಗಳಲ್ಲಿ ಒಂದು ಹೀಗಿದೆ: ಆ ದೊಡ್ಡ ಟ್ಯಾಂಕಿನ ಶಾಖ ಅಳೆಯುತ್ತಿದ್ದದ್ದು ತಳದ ಹತ್ತಿರ ಮಾತ್ರ. ಒಳಗಿನ ದ್ರವ ಸರಿಯಾಗಿ ಕಲಕುತ್ತಿರಲಿಲ್ಲ. ತಳ ತಣ್ಣಗಿತ್ತು, ಮೇಲ್ಭಾಗ ಕಾದು ರಾಸಾಯನಿಕ ಕ್ರಿಯೆ ಕೈಮೀರಿತು. ಮೀಟರು ಕೆಟ್ಟಿರಲಿಲ್ಲ. ತಾನಿದ್ದ ಜಾಗದ ಸತ್ಯವನ್ನೇ ಅದು ಹೇಳುತ್ತಿತ್ತು. ಅದು ಇಡೀ ಟ್ಯಾಂಕಿನ ಸತ್ಯವೇ ಎಂದು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ತೈಲ ಶುದ್ಧೀಕರಣಾಗಾರದಲ್ಲಿ 170 ಅಡಿ ಎತ್ತರದ ಗೋಪುರವೊಂದು ತುಂಬುತ್ತಾ ಬಂದಾಗಲೂ ಮಟ್ಟದ ಮೀಟರು ಹತ್ತು ಅಡಿಗಿಂತ ಕಡಿಮೆ ತೋರಿಸುತ್ತಿತ್ತು, ಅದೂ ಇಳಿಯುತ್ತಿರುವಂತೆ. 15 ಜನ ಸತ್ತರು, 180 ಜನ ಗಾಯಗೊಂಡರು. ತನಿಖೆ ಮಾಡಿದ ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ, ಆಪರೇಟರುಗಳಿಗೆ ಅಸಹಜ ಸ್ಥಿತಿಗಳನ್ನು ಎದುರಿಸುವ ತರಬೇತಿಯನ್ನು ಸಿಮ್ಯುಲೇಟರಿನಲ್ಲಿ ಕೊಡಬೇಕೆಂದು ಶಿಫಾರಸು ಮಾಡಿತು.

ಬೀದರಿಗೆ ಇದು ದೂರದ ಸುದ್ದಿಯಲ್ಲ. ನಗರಕ್ಕೆ ಹೊಂದಿಕೊಂಡ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಮತ್ತು ಔಷಧ ತಯಾರಿಕೆಯ ಘಟಕಗಳಿವೆ. ನಮ್ಮ ಹುಡುಗರು ಕೆಲಸ ಹುಡುಕಿಕೊಂಡು ಜಹೀರಾಬಾದ್, ಸಂಗಾರೆಡ್ಡಿ, ಹೈದರಾಬಾದಿನ ಹಾದಿ ಹಿಡಿಯುತ್ತಾರೆ. ಅದೇ ಹಾದಿಯ ಪಾಶಮೈಲಾರಂನಲ್ಲಿ 2025ರ ಜೂನ್ 30ರಂದು ಔಷಧಕ್ಕೆ ಬೇಕಾದ ಪುಡಿ ತಯಾರಿಸುವ ಕಾರ್ಖಾನೆ ಸ್ಫೋಟಿಸಿ 40ಕ್ಕೂ ಹೆಚ್ಚು ಕಾರ್ಮಿಕರು ಸತ್ತದ್ದನ್ನು ನಾವು ಇನ್ನೂ ಮರೆತಿಲ್ಲ. ನಾಳೆ ಇಂಥ ಕಂಟ್ರೋಲ್ ರೂಮುಗಳಲ್ಲಿ ರಾತ್ರಿ ಪಾಳಿಗೆ ಕೂರುವವರು ಇಂದು ಬೀದರ್, ಭಾಲ್ಕಿಯ ಬೆಂಚುಗಳ ಮೇಲೆ ಇದ್ದಾರೆ.

ಸಿಮ್ಯುಲೇಶನ್ ಎಂದರೆ ಆಟ, ಕೈಗೆ ಎಣ್ಣೆ ಅಂಟದೆ ಯಾರೂ ಎಂಜಿನಿಯರ್ ಆಗಲಾರರು ಎನ್ನುವ ಹಿರಿಯ ಅಧ್ಯಾಪಕರಿದ್ದಾರೆ. ಅವರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಇದೆ. ವಾಲ್ವಿನ ಗ್ಲ್ಯಾಂಡ್ ಬಿಗಿಯಾಗಿ ಅದರ ದಂಡ ಅಂಟಿಕೊಳ್ಳುವುದು, ಸೋರುವ ಉಗಿಯ ಸದ್ದು, ಪಂಪು ಕೆಡುವ ಮೊದಲು ಬದಲಾಗುವ ಅದರ ದನಿ, ಇವನ್ನು ಯಾವ ಪರದೆಯೂ ಕೊಡುವುದಿಲ್ಲ. ಆದರೆ ಬೀದರಿನ ಆಕಾಶದತ್ತ ಒಮ್ಮೆ ನೋಡಬೇಕು. ಇಲ್ಲಿನ ವಾಯುಪಡೆ ನೆಲೆಯಲ್ಲಿ 2008ರಿಂದ ಹಾಕ್ ವಿಮಾನಗಳಲ್ಲಿ ಯುದ್ಧವಿಮಾನ ಚಾಲಕರು ತಯಾರಾಗುತ್ತಿದ್ದಾರೆ. ಎಂಜಿನ್ ನಿಂತರೆ ಏನು ಮಾಡಬೇಕೆಂಬುದನ್ನು ಚಾಲಕರು ಕಲಿಯುವುದು ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ. ಆಕಾಶಕ್ಕೇರದೆ ಅವರಿಗೆ ರೆಕ್ಕೆಯ ಬಿಲ್ಲೆ ಸಿಗುವುದಿಲ್ಲ, ಸಿಮ್ಯುಲೇಟರಿನಲ್ಲಿ ಪಳಗದೆ ಆಕಾಶವೂ ಸಿಗುವುದಿಲ್ಲ. ಒಂದು ಇನ್ನೊಂದರ ಬದಲಿಯಾಗಬಾರದು. ಕಾಲೇಜಿನ ಆಡಳಿತ ಮಂಡಳಿಗಳು 'ಆನ್‌ಲೈನ್ ಇದೆಯಲ್ಲ' ಎಂದು ಪ್ರಯೋಗಾಲಯದ ಖರ್ಚು ಕಡಿತ ಮಾಡಿದರೆ ಅದು ವಿದ್ಯಾರ್ಥಿಗೆ ಮಾಡುವ ಮೋಸ. ಇದನ್ನು ಮೃದುವಾಗಿ ಹೇಳಲು ನನಗೆ ಮನಸ್ಸಿಲ್ಲ.

ಎರಡನೆಯ ಆಕ್ಷೇಪ ಸೌಕರ್ಯದ್ದು. ಔರಾದ್ ಕರ್ನಾಟಕದ ಉತ್ತರದ ತುದಿ. ಅಲ್ಲಿನ ಹಳ್ಳಿಯ ಮನೆಯಲ್ಲಿ ಕೂತ ವಿದ್ಯಾರ್ಥಿಗೆ ಕರೆಂಟು ಹೋದರೆ, ನೆಟ್‌ವರ್ಕ್ ಸಿಗದಿದ್ದರೆ ಆನ್‌ಲೈನ್ ಲ್ಯಾಬ್ ಎಲ್ಲಿಂದ ಬರಬೇಕು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಿಮ್ಯುಲೇಶನ್ ಎಂದರೆ ವಿಡಿಯೊ ಅಲ್ಲ. ದೂರದ ಹೀಟರಿನ ಪ್ರಯೋಗಕ್ಕೂ ಕ್ಷಣಕ್ಕೊಮ್ಮೆ ಶಾಖದ ಒಂದು ಸಂಖ್ಯೆ ಬರಬೇಕು, ಹೀಟರಿಗೆ ಒಂದು ಸಂಖ್ಯೆ ಹೋಗಬೇಕು, ಅಷ್ಟೇ. ಒಂದು ಸಿನಿಮಾ ಹಾಡು ನೋಡುವ ಡೇಟಾದಲ್ಲಿ ಎಷ್ಟೋ ಪ್ರಯೋಗ ಮುಗಿಯುತ್ತವೆ. ಸೈಲ್ಯಾಬಿನಂಥ ತಂತ್ರಾಂಶವನ್ನು ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೇ ಬೇಡ, ಹಳೆಯ ಕಂಪ್ಯೂಟರ್ ಸಾಕು. ಇಲ್ಲಿ ಒಂದು ಎಚ್ಚರಿಕೆ ಇದೆ. 2020ರ ಕೊನೆಯಲ್ಲಿ ಅಡೋಬ್ ಕಂಪನಿ ಫ್ಲ್ಯಾಶ್ ನಿಲ್ಲಿಸಿದಾಗ ಅದರ ಮೇಲೆ ಕಟ್ಟಿದ ಶೈಕ್ಷಣಿಕ ಪ್ರಯೋಗಗಳು ಜಗತ್ತಿನಾದ್ಯಂತ ತೆರೆಯದೆ ಹೋದವು. ದೂರದ ಯಾರದೋ ಸರ್ವರಿನ ಮೇಲೆ ಇಡೀ ಪಾಠ ನಿಂತಿರಬಾರದು. ಮುಕ್ತ ತಂತ್ರಾಂಶದಲ್ಲಿ ಬರೆದು, ಒಂದು ಪ್ರತಿಯನ್ನು ಕಾಲೇಜಿನಲ್ಲೇ ಇಟ್ಟುಕೊಳ್ಳಬೇಕು.

ಮೂರನೆಯದು ಭಾಷೆಯ ತೊಡಕು, ಇದರ ಬಗ್ಗೆ ಯಾರೂ ಆಕ್ಷೇಪವನ್ನೂ ಎತ್ತುವುದಿಲ್ಲ. ಈ ಜಿಲ್ಲೆಯ ತರಗತಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮನೆಮಾತಿನವರು ಒಟ್ಟಿಗೆ ಕೂರುತ್ತಾರೆ, ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. 2021ರಲ್ಲಿ ಕನ್ನಡ ಮಾಧ್ಯಮದ ಎಂಜಿನಿಯರಿಂಗಿಗೆ ಮುಂದಾದ ರಾಜ್ಯದ ಕೆಲವೇ ಕಾಲೇಜುಗಳಲ್ಲಿ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯವೂ ಇತ್ತು. ವಿದ್ಯಾರ್ಥಿಗಳು ಬರಲಿಲ್ಲ. ಕೆಲಸ ಸಿಗದೆ ಹೋದೀತೆಂಬ ಅವರ ಭಯ ನಿಜವಾದದ್ದು, ಅದನ್ನು ಹಳಿಯಲಾರೆ. ಆದರೆ ಪದವಿಯ ಮಾಧ್ಯಮ ಯಾವುದೇ ಇರಲಿ, ವಿಚಾರ ಮೊದಲು ಸ್ವಂತ ಮಾತಿನಲ್ಲಿ ಕೂರಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ತಂತ್ರಾಂಶದ ಪಾಠಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಕೇಳಿಸುತ್ತದೆ. ಸಿಮ್ಯುಲೇಶನ್ನಿನ ಒಂದು ಸೊಗಸೆಂದರೆ ಪರದೆಯ ಮೇಲಿನ ಗೆರೆಗೆ ಭಾಷೆಯಿಲ್ಲ. ಅದರ ಸುತ್ತ ನಡೆಯುವ ಚರ್ಚೆ ಬೀದರಿ ಕನ್ನಡದಲ್ಲೇ ಇರಲಿ, ದಖನಿಯಲ್ಲೇ ಇರಲಿ. 'ಯಾಕ ಹಿಂಗಾತು?' ಎಂದು ಹುಡುಗ ಗಟ್ಟಿಯಾಗಿ ಕೇಳಿದರೆ ಸಾಕು, ಪಾಠ ಅಲ್ಲಿಂದ ಶುರು.

ಕಲಿಸುವ ಕ್ರಮದಲ್ಲಿ ಎರಡು ಬದಲಾವಣೆಗಳನ್ನು ನಾಳೆಯೇ ಮಾಡಬಹುದು, ಯಾರ ಅನುಮತಿಯೂ ಬೇಕಿಲ್ಲ. ಗುಂಡಿ ಒತ್ತುವ ಮುನ್ನ ವಿದ್ಯಾರ್ಥಿ ಗೆರೆ ಹೇಗೆ ಬರುತ್ತದೆಂದು ಪೆನ್ಸಿಲಿನಲ್ಲಿ ಬರೆದು ಸಹಿ ಮಾಡಬೇಕು. ಆಮೇಲೆ ಓಡಿಸಿ, ತನ್ನ ಊಹೆ ಎಲ್ಲಿ ತಪ್ಪಿತು ಎಂಬುದನ್ನು ಬರೆಯಬೇಕು. ಅಂಕ ಆ ವಿವರಣೆಗೆ. ಇನ್ನೊಂದು, ಪ್ರತಿಯೊಬ್ಬರ ಯುಎಸ್‌ಎನ್‌ನ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆಯ) ಕೊನೆಯ ಮೂರು ಅಂಕಿಗಳಿಂದಲೇ ಅವರವರ ಪ್ರಯೋಗದ ಸಂಖ್ಯೆಗಳು ಹುಟ್ಟುವಂತೆ ಮಾಡಬೇಕು. ಆಗ ಒಬ್ಬರ ಟ್ಯಾಂಕು ಇನ್ನೊಬ್ಬರಿಗಿಂತ ನಿಧಾನ, ಒಬ್ಬರ ಸೆನ್ಸರು ಕೆಟ್ಟದ್ದು, ಇನ್ನೊಬ್ಬರ ವಾಲ್ವು ಅಂಟಿದ್ದು. ನಕಲು ಮಾಡಲು ಏನೂ ಉಳಿಯುವುದಿಲ್ಲ, ಮಾತಾಡಿಕೊಳ್ಳಲು ಬೇಕಾದಷ್ಟು ಉಳಿಯುತ್ತದೆ. ಹೆಚ್ಚಿನ ಸವಾಲು ಬಯಸುವವರಿಗೆ ಟೆನ್ನೆಸಿ ಈಸ್ಟ್‌ಮನ್ ಸಮಸ್ಯೆ ಇದೆ. ಡೌನ್ಸ್ ಮತ್ತು ವೋಗೆಲ್ 1993ರಲ್ಲಿ ನಿಜವಾದ ರಾಸಾಯನಿಕ ಕಾರ್ಖಾನೆಯೊಂದರ ಆಧಾರದ ಮೇಲೆ ಪ್ರಕಟಿಸಿದ ಮಾದರಿ ಅದು. ಅಳೆಯುವ ಸಂಗತಿಗಳು 41, ತಿರುಗಿಸಬಹುದಾದ ಹಿಡಿಕೆಗಳು 12, ಮೇಲೆ ಬೇಕೆಂದೇ ತುರುಕಿದ ಕೇಡುಗಳು. ಮೂವತ್ತು ವರ್ಷ ದಾಟಿದರೂ ಸಂಶೋಧಕರು ಅದರೊಡನೆ ಇನ್ನೂ ಸೆಣಸುತ್ತಿದ್ದಾರೆ.

ಆದರೆ ನಮಗೆ ಟೆನ್ನೆಸಿಗಿಂತ ಹತ್ತಿರದ್ದು ಬೇಕು, ಅದು ನಮ್ಮಲ್ಲೇ ಇದೆ. ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಪೂರ್ತಿ ಬರೆದಿಟ್ಟ ದಾಖಲೆಗಳಿರುತ್ತವೆ. ಡ್ರಮ್ಮಿನ ಮಟ್ಟ, ಉಗಿಯ ಒತ್ತಡ, ರಸದ ಪಿಎಚ್, ಮಿಲ್ಲು ನಿಂತ ಹೊತ್ತು, ಮತ್ತೆ ಹೊರಟ ಹೊತ್ತು. ಹಂಗಾಮು ಮುಗಿದ ಮೇಲೆ ಕಾರ್ಖಾನೆಗೆ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ, ಕಾಲೇಜಿಗೆ ಅವು ಭಂಡಾರ. ಬೀದರಿನ ಗುರುನಾನಕ್ ದೇವ್ ಮತ್ತು ಭಾಲ್ಕಿಯ ಭೀಮಣ್ಣ ಖಂಡ್ರೆ ಕಾಲೇಜುಗಳು ಹುಟ್ಟಿದ್ದು ಎಂಬತ್ತರ ದಶಕದಲ್ಲಿ. ಇವುಗಳ ಹಳೆಯ ವಿದ್ಯಾರ್ಥಿಗಳು ಈಗ ದೇಶದ ಎಷ್ಟೋ ಕಾರ್ಖಾನೆಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಆ ದಾಖಲೆಗಳಿಂದ ನಮ್ಮದೇ ಬಾಯ್ಲರಿನ, ನಮ್ಮದೇ ರಸದ ಮಾದರಿ ಕಟ್ಟುವುದು ಅಂತಿಮ ವರ್ಷದ ಪ್ರಾಜೆಕ್ಟಿಗೆ ತಕ್ಕ ಕೆಲಸ. ಮಾರುಕಟ್ಟೆಯಿಂದ ಕೊಂಡು ತಂದ ಪ್ರಾಜೆಕ್ಟುಗಳಿಗಿಂತ ಎಷ್ಟೋ ಮೇಲು.

ಹಣದ ಮಾತು ಬಂದರೆ, ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಈ ಭಾಗಕ್ಕೆ ಪ್ರತ್ಯೇಕ ಅನುದಾನ ಬರುತ್ತಿದೆ. ರಸ್ತೆ, ಕಟ್ಟಡ ಬೇಕೇ ಬೇಕು. ಅದರ ಒಂದು ಸಣ್ಣ ಪಾಲಿನಲ್ಲಿ ಹೀಟರ್ ಬೋರ್ಡುಗಳ ಒಂದು ಸಾಲನ್ನು ಬೀದರಿನಲ್ಲೇ ಇಟ್ಟು, ಭಾಲ್ಕಿ, ಔರಾದ್, ಬಸವಕಲ್ಯಾಣ, ಹುಮನಾಬಾದಿನ ಡಿಪ್ಲೊಮಾ ಮತ್ತು ಪದವಿ ವಿದ್ಯಾರ್ಥಿಗಳಿಗೆ ಹಗಲೂ ರಾತ್ರಿ ತೆರೆದಿಡಬಹುದು. ಔರಾದಿನ ಹುಡುಗಿ ಮನೆಯಿಂದಲೇ ಸಮಯ ಕಾಯ್ದಿರಿಸಿ ಪ್ರಯೋಗ ಮಾಡಲಿ, ತಿಂಗಳಿಗೊಮ್ಮೆ ಬೀದರಿಗೆ ಬಂದು ಅದೇ ಬೋರ್ಡನ್ನು ಬಿಚ್ಚಿ ಜೋಡಿಸಲಿ.

ಕಾರ್ಖಾನೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಈ ಹಂಗಾಮು ಮುಗಿದ ಮೇಲೆ ನಿಮ್ಮ ಬಾಯ್ಲರ್ ಮತ್ತು ಶುದ್ಧೀಕರಣ ವಿಭಾಗದ ದಾಖಲೆಗಳನ್ನು, ವ್ಯಾಪಾರದ ಗುಟ್ಟುಗಳನ್ನು ಬೇಕಾದರೆ ತೆಗೆದಿಟ್ಟುಕೊಂಡು, ಹತ್ತಿರದ ಕಾಲೇಜಿಗೆ ಕೊಡಿ. ಕೆಟ್ಟ ದಿನಗಳ ದಾಖಲೆಗಳನ್ನು ಮಾತ್ರ ತೆಗೆದಿಡಬೇಡಿ, ಅವನ್ನೇ ಮೊದಲು ಕೊಡಿ.